ಟಿ ಕೋಶದ ಯಾವ ದಾರಿ ಮುಚ್ಚಬೇಕು? ದೀರ್ಘಕಾಲದ ಉರಿಯೂತಕ್ಕಿರುವ ಔಷಧಿಗಳ ಹೋಲಿಕೆ

"ಇರೋದ್ರಲ್ಲಿ ಯಾವ ಔಷಧಿ ಜಾಸ್ತಿ ಪವರ್‌ಫುಲ್?" ಸೋರಿಯಾಸಿಸ್, ಸಂಧಿವಾತ, ಕ್ರೋನ್ಸ್ ಥರದ ಕಾಯಿಲೆ ಇರುವವರು ಮೊದಲು ಕೇಳುವುದು ಇದನ್ನೇ. ಈ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೆಕುಕಿನುಮ್ಯಾಬ್ ಅನ್ನುವ ಇಂಜೆಕ್ಷನ್ನನ್ನೇ ನೋಡಿ. ಸೋರಿಯಾಸಿಸ್‌ಗೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನೇ ಕ್ರೋನ್ಸ್ ಕಾಯಿಲೆಯವರಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಹೊರಬಂತು. ಗುಣ ಕಾಣಲಿಲ್ಲ. ಅದೂ ಸಾಲದು ಅಂತ, ಔಷಧಿಯೇ ಇಲ್ಲದ ಹುಸಿ ಚಿಕಿತ್ಸೆ ಪಡೆದವರಿಗಿಂತ ಇವರಿಗೇ ತೊಂದರೆ ಜಾಸ್ತಿ ಆಯಿತು. ಎರಡೂ ಕಾಯಿಲೆಯಲ್ಲಿ ಗಲಾಟೆ ಮಾಡುವುದು ಹೆಚ್ಚುಕಡಿಮೆ ಒಂದೇ ಬಗೆಯ ಟಿ ಕೋಶ. ಜಾಗ ಮಾತ್ರ ಬೇರೆ. ಒಂದು ಕಡೆ ಚರ್ಮ, ಇನ್ನೊಂದು ಕಡೆ ಕರುಳು.

ಹಾಗಾಗಿ ಈ ಔಷಧಿಗಳನ್ನು ಹೋಲಿಸುವಾಗ ಶಕ್ತಿ ನೋಡಿದರೆ ಸಾಲದು. ಟಿ ಕೋಶದ ಯಾವ ಕೆಲಸವನ್ನು ಅದು ತಡೆಯುತ್ತದೆ, ಯಾವ ಅಂಗದಲ್ಲಿ ತಡೆಯಬೇಕು, ತಡೆದರೆ ಯಾವ ಸೋಂಕಿಗೆ ಬಾಗಿಲು ತೆರೆಯುತ್ತದೆ ಅಂತ ನೋಡಬೇಕು. ಔಷಧಿ ಬರೆಯುವವರು ನಿಮ್ಮ ಡಾಕ್ಟರೇ. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು ಅಂತ ನಿಮಗೂ ಗೊತ್ತಿರಲಿ.

ಗಲಾಟೆ ಮಾಡುವವರು ಯಾರು?

ಟಿ ಕೋಶ ಒಂದು ಬಗೆಯ ಬಿಳಿ ರಕ್ತಕಣ. ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಆ ಗ್ರಂಥಿಗೆ ಇಷ್ಟು ದೊಡ್ಡ ಕೆಲಸವಿದೆ ಅಂತ ಗೊತ್ತಾಗಿದ್ದು 1961ರಲ್ಲಿ, ಜಾಕ್ ಮಿಲ್ಲರ್ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದ. ನಮ್ಮದೇ ದೇಹದ ಮೇಲೆ ಬೀಳುವಂಥ ಟಿ ಕೋಶಗಳನ್ನು ಥೈಮಸ್ ಅಲ್ಲೇ ಮುಗಿಸಿಬಿಡುತ್ತದೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಎಲ್ಲರಲ್ಲೂ ಬರುತ್ತವೆ. ಅವು ಎಚ್ಚೆತ್ತು, ಸುಮ್ಮನಾಗದೇ ಉಳಿದಾಗ ಕಾಯಿಲೆ ಶುರುವಾಗುತ್ತದೆ.

ಮುಖ್ಯವಾಗಿ ಎರಡು ಗುಂಪು. ಸಿಡಿ8 ಕೋಶಗಳು ನೇರವಾಗಿ ಕೊಲ್ಲುತ್ತವೆ. ತೊನ್ನಿನಲ್ಲಿ ಚರ್ಮದ ಬಣ್ಣದ ಕೋಶಗಳನ್ನು ಹೊಡೆಯುವುದು ಇವೇ. ಸಿಡಿ4 ಕೋಶಗಳು ಸಹಾಯಕರು. ಸೈಟೊಕೈನ್ ಅನ್ನುವ ರಾಸಾಯನಿಕ ಸಂದೇಶ ಕಳಿಸಿ ಉಳಿದವರನ್ನು ಎಬ್ಬಿಸುತ್ತವೆ. ಈ ಸಹಾಯಕರಲ್ಲೂ ಒಳಪಂಗಡಗಳಿವೆ ಅಂತ 1986ರಲ್ಲಿ ಟಿಮ್ ಮಾಸ್ಮನ್, ರಾಬರ್ಟ್ ಕಾಫ್ಮನ್ ತೋರಿಸಿದರು. ಇಂಟರ್‌ಫೆರಾನ್ ಗಾಮಾ ಕಳಿಸುವವು ಟಿಎಚ್1. ಐಎಲ್-4, ಐಎಲ್-13 ಕಳಿಸುವವು ಟಿಎಚ್2. ಐಎಲ್ ಅಂದರೆ ಇಂಟರ್‌ಲ್ಯೂಕಿನ್, ಅದೂ ಸೈಟೊಕೈನೇ. ಸುಮಾರು 20 ವರ್ಷ ಈ ಎರಡರಲ್ಲೇ ಎಲ್ಲವನ್ನೂ ವಿವರಿಸಲು ನೋಡಿದರು. ಎಷ್ಟೋ ವಿಷಯ ಹೊಂದಲೇ ಇಲ್ಲ. 2005ರಲ್ಲಿ ಟಿಎಚ್17 ಅನ್ನುವ ಮೂರನೇ ಪಂಗಡ ಸ್ಪಷ್ಟವಾದ ಮೇಲೆ ಸೋರಿಯಾಸಿಸ್, ಬೆನ್ನುಮೂಳೆಯ ಉರಿಯೂತ ಎಲ್ಲ ಒಂದು ಚೌಕಟ್ಟಿಗೆ ಬಂದವು. ಇವನ್ನೆಲ್ಲ ತಣ್ಣಗಿಡುವ ಇನ್ನೊಂದು ಪಂಗಡವೂ ಇದೆ. ಅದು ನಿಯಂತ್ರಕ ಟಿ ಕೋಶ. 2025ರ ವೈದ್ಯಕೀಯ ನೊಬೆಲ್ ಇದರ ಕೆಲಸಕ್ಕೇ ಸಿಕ್ಕಿತು: ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ.

ಸ್ಥೂಲವಾಗಿ ಹೇಳುವುದಾದರೆ, ಎಕ್ಸಿಮಾ ಮತ್ತು ಅಲರ್ಜಿಯ ಅಸ್ತಮಾದಲ್ಲಿ ಟಿಎಚ್2 ಮುಂದು. ಸೋರಿಯಾಸಿಸ್, ಬೆನ್ನುಮೂಳೆ ಬಿಗಿಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಟಿಎಚ್17. ಕ್ರೋನ್ಸ್‌ನಲ್ಲಿ ಟಿಎಚ್1, ಟಿಎಚ್17 ಎರಡೂ. ರುಮಟಾಯ್ಡ್ ಸಂಧಿವಾತ ಒಂದು ಕಲಸುಮೇಲೋಗರ. ಅಲ್ಲಿ ಟಿ ಕೋಶಗಳು ಬಿ ಕೋಶಗಳಿಗೆ ಕುಮ್ಮಕ್ಕು ಕೊಟ್ಟು ಆಂಟಿಬಾಡಿ ಮಾಡಿಸುತ್ತವೆ. ಈ ಪಟ್ಟಿಯನ್ನು ತೀರಾ ಗಟ್ಟಿಯಾಗಿ ಹಿಡಿಯಬೇಡಿ. ಅಂಗ ಬದಲಾದರೆ ಇದೂ ಕೈಕೊಡುತ್ತದೆ.

ಹಳೆಯ ಔಷಧಿಗಳು ಇನ್ನೂ ಯಾಕಿವೆ?

ಸೋರಿಯಾಸಿಸ್ ಟಿ ಕೋಶಗಳ ಕಾಯಿಲೆ ಅಂತ ಗೊತ್ತಾದ ರೀತಿಯೇ ಮಜವಾಗಿದೆ. ಅದಕ್ಕೂ ಮೊದಲು ಚರ್ಮದ ಕೋಶಗಳೇ ವಿಪರೀತ ವೇಗದಲ್ಲಿ ಬೆಳೆಯುವುದು ಮೂಲ ದೋಷ ಅಂತ ನಂಬಿದ್ದರು. 1979ರಲ್ಲಿ ಕೀಲುವಾತದವರಿಗೆ ಸೈಕ್ಲೋಸ್ಪೋರಿನ್ ಕೊಟ್ಟು ನೋಡುವಾಗ, ಅವರಲ್ಲಿ ಕೆಲವರ ಸೋರಿಯಾಸಿಸ್ ಕಲೆಗಳು ಮಾಯವಾದವು. ಸೈಕ್ಲೋಸ್ಪೋರಿನ್ ಮುಖ್ಯವಾಗಿ ತಡೆಯುವುದು ಟಿ ಕೋಶವನ್ನು. ಅಂದಮೇಲೆ ಚರ್ಮದ ಹಿಂದೆ ನಿಂತು ಆಡಿಸುತ್ತಿದ್ದವರು ಯಾರು ಅಂತ ಊಹೆ ಶುರುವಾಯಿತು.

ಸೈಕ್ಲೋಸ್ಪೋರಿನ್ ಈಗಲೂ ಇದೆ. ಬೇಗ ಕೆಲಸ ಮಾಡುತ್ತದೆ. ಆದರೆ ಎಲ್ಲ ಬಗೆಯ ಟಿ ಕೋಶವನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೂ ಬರೆ. ಜೊತೆಗೆ ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು. ಹಾಗಾಗಿ ತಿಂಗಳುಗಳ ಲೆಕ್ಕದಲ್ಲಿ ಕೊಡುತ್ತಾರೆ, ವರ್ಷಗಟ್ಟಲೆ ಅಲ್ಲ. ಸ್ಟೀರಾಯ್ಡ್ ಮಾತ್ರೆಯ ಕಥೆಯೂ ಹಾಗೇ. ಬೆಂಕಿ ಆರಿಸಲು ಒಳ್ಳೆಯದು, ಅದರ ಮೇಲೇ ವರ್ಷಗಟ್ಟಲೆ ಬದುಕಲು ಅಲ್ಲ.

ಮೆಥೊಟ್ರೆಕ್ಸೇಟ್ ಮಾತ್ರ ಬೇರೆ ಮಟ್ಟದ್ದು. ಹೊಸ ಇಂಜೆಕ್ಷನ್‌ಗಳ ಹೊಳಪಿನ ಮುಂದೆ ಇದನ್ನು ಕಡೆಗಣಿಸುವವರೇ ಜಾಸ್ತಿ. ರುಮಟಾಯ್ಡ್ ಸಂಧಿವಾತಕ್ಕೆ ಇದೇ ಮೊದಲ ಔಷಧಿ, ಈಗಲೂ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ. ಮುಂದೆ ಬಯೊಲಾಜಿಕ್, ಅಂದರೆ ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನ್ ಇಂಜೆಕ್ಷನ್, ಬೇಕಾದರೂ ಇದು ಜೊತೆಗಿದ್ದರೆ ದೇಹ ಆ ಇಂಜೆಕ್ಷನ್ ವಿರುದ್ಧ ಆಂಟಿಬಾಡಿ ಮಾಡುವುದು ಕಡಿಮೆ. ಒಂದೇ ಒಂದು ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಿ. ಇದು ವಾರಕ್ಕೊಮ್ಮೆ ನುಂಗುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮಾತ್ರೆಯ ಪೊಟ್ಟಣದ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿಡಿ. ವಾರವನ್ನು ಬಿಡಿಸಿ ಹೇಳದೆ ಬರೀ "ಒಂದು ಮಾತ್ರೆ" ಅಂತ ಬರೆದ ಚೀಟಿ ಬಂದರೆ ಅಲ್ಲೇ ನಿಲ್ಲಿಸಿ ಕೇಳಿ.

ಟಿಎನ್‌ಎಫ್ ತಡೆಯುವವು

ಟಿಎನ್‌ಎಫ್ ಕೂಡ ಒಂದು ಸೈಟೊಕೈನ್, ಆದರೆ ಯಾವುದೋ ಒಂದೇ ಪಂಗಡದ ಆಸ್ತಿಯಲ್ಲ. ಟಿ ಕೋಶವೂ ಕಳಿಸುತ್ತದೆ, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶವಂತೂ ಧಾರಾಳವಾಗಿ ಕಳಿಸುತ್ತದೆ. ಅದಕ್ಕೇ ಇದನ್ನು ತಡೆದರೆ ಕೀಲು, ಬೆನ್ನು, ಚರ್ಮ, ಕರುಳು, ಕಣ್ಣು ಎಲ್ಲ ಕಡೆ ಒಂದಷ್ಟು ಗುಣ ಸಿಗುತ್ತದೆ. ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು, ಅಡಾಲಿಮುಮ್ಯಾಬ್ 2002ರಲ್ಲಿ. ಇಷ್ಟು ವರ್ಷದ ಅನುಭವ ಸಣ್ಣ ವಿಷಯ ಅಲ್ಲ. ಏನು ತೊಂದರೆ ಬರಬಹುದು ಅಂತ ಹೆಚ್ಚುಕಡಿಮೆ ಪೂರ್ತಿ ಗೊತ್ತಿದೆ. ಪೇಟೆಂಟ್ ಮುಗಿದು, ಇವನ್ನೇ ಹೋಲುವ ಬಯೊಸಿಮಿಲರ್‌ಗಳೂ ಬಂದಿವೆ, ಖರ್ಚು ಇಳಿದಿದೆ.

ಈ ಗುಂಪಿನ ಒಳಗೂ ಎಲ್ಲ ಒಂದೇ ಅಲ್ಲ. ಎಟನರ್ಸೆಪ್ಟ್ ಕೀಲಿಗೆ ಸರಿ, ಕ್ರೋನ್ಸ್‌ಗೆ ಕೆಲಸ ಮಾಡುವುದಿಲ್ಲ. ಕೀಲುನೋವಿನ ಜೊತೆ ಕಣ್ಣು ಪದೇ ಪದೇ ಕೆಂಪಾಗುವ ಯುವೈಟಿಸ್ ಇದ್ದರೆ ಅಡಾಲಿಮುಮ್ಯಾಬ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಕಡೆಗೇ ವಾಲಬೇಕು.

ಇವುಗಳ ದೊಡ್ಡ ಭಯ ಟಿಬಿ. ಒಳಗೆ ಮಲಗಿರುವ ಟಿಬಿ ಬ್ಯಾಕ್ಟೀರಿಯಾವನ್ನು ದೇಹ ಗ್ರಾನುಲೋಮಾ ಅನ್ನುವ ಕೋಶಗಳ ಗಂಟಿನಲ್ಲಿ ಕೂಡಿಹಾಕಿರುತ್ತದೆ. ಆ ಗಂಟು ಬಿಗಿಯಾಗಿರಲು ಟಿಎನ್‌ಎಫ್ ಬೇಕು. ತಡೆದರೆ ಗಂಟು ಸಡಿಲ, ಟಿಬಿ ಹೊರಗೆ. ಅದಕ್ಕೇ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಟಿಬಿ ಪರೀಕ್ಷೆ. ರಕ್ತದ ಪರೀಕ್ಷೆ ನಡೆಯುವುದೂ ಟಿ ಕೋಶದ ನೆನಪಿನ ಮೇಲೆಯೇ. ನಿಮ್ಮ ರಕ್ತವನ್ನು ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ಇರುವ ಟ್ಯೂಬಿಗೆ ಹಾಕುತ್ತಾರೆ. ಮೊದಲೇ ಅದನ್ನು ಕಂಡಿರುವ ಟಿ ಕೋಶಗಳು ತಕ್ಷಣ ಇಂಟರ್‌ಫೆರಾನ್ ಗಾಮಾ ಬಿಡುತ್ತವೆ. ಯಂತ್ರ ಅದನ್ನು ಅಳೆಯುತ್ತದೆ. ಜೋರು ಸ್ಟೀರಾಯ್ಡ್ ನಡೆಯುತ್ತಿದ್ದರೆ ಟಿ ಕೋಶಗಳೇ ಮಂಕಾಗಿ ಉತ್ತರ ಅಸ್ಪಷ್ಟ ಬರಬಹುದು. ಸಾಧ್ಯವಾದರೆ ಸ್ಟೀರಾಯ್ಡ್‌ಗೆ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಜೊತೆಗಿರಲಿ.

ತೀವ್ರವಾದ ಹೃದಯ ವೈಫಲ್ಯ ಇದ್ದವರಿಗೆ, ಮಿದುಳು, ನರಗಳ ಹೊದಿಕೆ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಈ ಗುಂಪು ಬೇಡ.

ಐಎಲ್-17 ಮತ್ತು ಐಎಲ್-23: ನಿಜವಾದ ಪೈಪೋಟಿ ಇಲ್ಲಿದೆ

ಐಎಲ್-23 ಟಿಎಚ್17 ಕೋಶವನ್ನು ಬೆಳೆಸಿ ಉಳಿಸುವ ಸಂದೇಶ. ಐಎಲ್-17 ಆ ಕೋಶ ಕೊನೆಗೆ ಹೊರಬಿಡುವ ಸಂದೇಶ. ಒಂದೇ ಸರಪಳಿಯ ಎರಡು ಕೊಂಡಿ. ಯಾವುದನ್ನು ತುಂಡರಿಸಿದರೂ ಒಂದೇ ಅನ್ನಿಸಬೇಕು, ಅಲ್ವಾ? ಚರ್ಮದಲ್ಲಿ ಹೆಚ್ಚುಕಡಿಮೆ ಒಂದೇ. ಕರುಳು, ಬೆನ್ನುಮೂಳೆಗೆ ಹೋದರೆ ಲೆಕ್ಕ ತಿರುಗುಮುರುಗು.

ಮೊದಲು ಚರ್ಮ. ಸೆಕುಕಿನುಮ್ಯಾಬ್, ಇಕ್ಸೆಕಿಜುಮ್ಯಾಬ್, ಬಿಮೆಕಿಜುಮ್ಯಾಬ್ ಐಎಲ್-17 ತಡೆಯುವವು. ಗುಸೆಲ್ಕುಮ್ಯಾಬ್, ರಿಸಾಂಕಿಜುಮ್ಯಾಬ್, ಟಿಲ್ಡ್ರಾಕಿಜುಮ್ಯಾಬ್ ಐಎಲ್-23 ತಡೆಯುವವು. ಉಸ್ತೆಕಿನುಮ್ಯಾಬ್ ಇವಕ್ಕೆ ಅಣ್ಣ, 2009ರದ್ದು. ಅದು ಐಎಲ್-12, ಐಎಲ್-23 ಎರಡನ್ನೂ ತಡೆಯುತ್ತದೆ. ಐಎಲ್-17 ತಡೆಯುವವು ಬೇಗ ಫಲ ಕೊಡುತ್ತವೆ, ಮೊದಲ ಕೆಲವು ವಾರದಲ್ಲೇ ಸಿಪ್ಪೆ ಉದುರಿ ಚರ್ಮ ತಿಳಿಯಾಗುತ್ತದೆ. ಐಎಲ್-23 ತಡೆಯುವವು ನಿಧಾನ, ಆದರೆ ಹಿಡಿದರೆ ಬಿಡುವುದಿಲ್ಲ. ಗುಸೆಲ್ಕುಮ್ಯಾಬ್, ಸೆಕುಕಿನುಮ್ಯಾಬ್ ಎರಡನ್ನೂ ನೇರಾನೇರ ಹೋಲಿಸಿದ ಎಕ್ಲಿಪ್ಸ್ ಪ್ರಯೋಗ 2019ರಲ್ಲಿ ಪ್ರಕಟವಾಯಿತು. 48ನೇ ವಾರದಲ್ಲಿ ಶೇ 90 ಅಥವಾ ಅದಕ್ಕೂ ಹೆಚ್ಚು ಚರ್ಮ ಸುಧಾರಿಸಿದವರು ಗುಸೆಲ್ಕುಮ್ಯಾಬ್‌ನಲ್ಲಿ ಶೇ 84, ಸೆಕುಕಿನುಮ್ಯಾಬ್‌ನಲ್ಲಿ ಶೇ 70.

ಇದಕ್ಕೊಂದು ಕಾರಣ ಚರ್ಮದಲ್ಲೇ ಮನೆ ಮಾಡಿಕೊಂಡ ಟಿ ಕೋಶಗಳಲ್ಲಿ ಇರಬಹುದು. ಸೋರಿಯಾಸಿಸ್ ಇರುವವರು ಇದನ್ನು ಗಮನಿಸಿಯೇ ಇರುತ್ತಾರೆ. ಚಿಕಿತ್ಸೆಯಿಂದ ಕಲೆ ಪೂರ್ತಿ ಹೋಗಿರುತ್ತದೆ. ಔಷಧಿ ನಿಲ್ಲಿಸಿದ ಕೆಲವು ತಿಂಗಳಿಗೆ ಮತ್ತೆ ಬರುತ್ತದೆ, ಅದೇ ಮೊಣಕೈಯಲ್ಲಿ, ಅದೇ ಮೂಲೆಯಲ್ಲಿ, ಹೆಚ್ಚುಕಡಿಮೆ ಅದೇ ಆಕಾರದಲ್ಲಿ. ರಕ್ತದಲ್ಲಿ ಓಡಾಡದೆ ಆ ಜಾಗದಲ್ಲೇ ಕೂತ ನೆನಪಿನ ಟಿ ಕೋಶಗಳು ಇದಕ್ಕೆ ಕಾರಣ. ಎರಡೂ ಬಗೆಯ ಚಿಕಿತ್ಸೆ ಪಡೆದವರ ಚರ್ಮದ ಚೂರು ತೆಗೆದು ನೋಡಿದಾಗ, ಐಎಲ್-23 ತಡೆದವರಲ್ಲಿ ಈ ಠಿಕಾಣಿ ಹೂಡಿದ ಕೋಶಗಳು ಇನ್ನೊಂದು ಗುಂಪಿನವರಿಗಿಂತ ಜಾಸ್ತಿ ಇಳಿದಿದ್ದವು. ಬರೀ ಚರ್ಮದ ಕಾಯಿಲೆ, ಅವಸರವಿಲ್ಲ, ಇಂಜೆಕ್ಷನ್ ಅಪರೂಪಕ್ಕೆ ಇರಲಿ ಅನ್ನುವವರಿಗೆ ನಾನು ಐಎಲ್-23 ಕಡೆಗೇ ಬೆರಳು ತೋರಿಸುತ್ತೇನೆ. ರಿಸಾಂಕಿಜುಮ್ಯಾಬ್ ಅಂದರೆ ಮೊದಲ ಎರಡು ಡೋಸ್ ಆದಮೇಲೆ 12 ವಾರಕ್ಕೊಂದು ಚುಚ್ಚು, ಅಷ್ಟೇ. ಸೆಕುಕಿನುಮ್ಯಾಬ್ ಆದರೆ ಶುರುವಿನಲ್ಲಿ ವಾರವಾರ, ಆಮೇಲೆ ತಿಂಗಳಿಗೊಮ್ಮೆ.

ಈಗ ಬೆನ್ನು. ಬೆಳಗ್ಗೆ ಎದ್ದಾಗ ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಐಎಲ್-17 ತಡೆಯುವವು ಚೆನ್ನಾಗಿ ಕೆಲಸ ಮಾಡುತ್ತವೆ. ಐಎಲ್-23 ತಡೆಯುವವು ಮಾಡುವುದಿಲ್ಲ. ಉಸ್ತೆಕಿನುಮ್ಯಾಬ್ ಸೋತಿತು, ರಿಸಾಂಕಿಜುಮ್ಯಾಬ್ ಸೋತಿತು. ಅಲ್ಲಿನ ಕೆಲವು ಟಿ ಕೋಶಗಳು ಐಎಲ್-23ರ ಅಪ್ಪಣೆಗೆ ಕಾಯದೇ ತಾವೇ ಐಎಲ್-17 ಬಿಡುತ್ತವೆ ಅನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಮೇಲಿನ ಕೊಂಡಿ ತುಂಡಾದರೂ ಕೆಳಗೆ ಕೆಲಸ ನಡೆದೇ ಇರುತ್ತದೆ.

ಕರುಳಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಐಎಲ್-17ಕ್ಕೆ ಒಳ್ಳೆಯ ಕೆಲಸವೂ ಇದೆ. ಕರುಳಿನ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಅದು ಬಿಗಿಯಾಗಿ ಇಡುತ್ತದೆ, ಶಿಲೀಂಧ್ರವನ್ನು ದೂರ ಇಡುತ್ತದೆ. ಈ ಒಳ್ಳೆಯ ಐಎಲ್-17 ಕೂಡ ಐಎಲ್-23 ಇಲ್ಲದೆಯೇ ಬರುತ್ತದೆ ಅಂತ ಇಲಿಗಳ ಪ್ರಯೋಗದಲ್ಲಿ ಕಂಡಿದೆ. ಹಾಗಾಗಿ ಐಎಲ್-23 ತಡೆದರೆ ಕೆಟ್ಟದ್ದು ನಿಂತು ಒಳ್ಳೆಯದು ಉಳಿಯುತ್ತದೆ. ಐಎಲ್-17 ತಡೆದರೆ ಎರಡೂ ಹೋಗುತ್ತವೆ. ಆರಂಭದಲ್ಲಿ ಹೇಳಿದ 2012ರ ಫಲಿತಾಂಶಕ್ಕೆ ಅರ್ಥ ಸಿಕ್ಕಿದ್ದು ಹೀಗೆ. ಸೋರಿಯಾಸಿಸ್‌ಗೆ ಬಂದವರ ಹತ್ತಿರ "ಹೊಟ್ಟೆ ಹೇಗಿದೆ, ಮಲದಲ್ಲಿ ರಕ್ತ ಹೋಗುತ್ತಾ, ಮನೆಯಲ್ಲಿ ಯಾರಿಗಾದರೂ ಕ್ರೋನ್ಸ್ ಇದೆಯಾ" ಅಂತ ಡಾಕ್ಟರ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕೇಳದಿದ್ದರೆ ನೀವೇ ಹೇಳಿ.

ಅಡ್ಡಪರಿಣಾಮದಲ್ಲೂ ವ್ಯತ್ಯಾಸ ಇದೆ. ಐಎಲ್-17 ನಮ್ಮ ಬಾಯಿ, ಗುಪ್ತಾಂಗದ ಪದರದಲ್ಲಿ ಕ್ಯಾಂಡಿಡಾ ಶಿಲೀಂಧ್ರವನ್ನು ಕಾಯುವ ಸಂದೇಶ. ಹುಟ್ಟಿನಿಂದಲೇ ಐಎಲ್-17 ದಾರಿ ಕೆಟ್ಟ ಮಕ್ಕಳಿಗೆ ಈ ಸೋಂಕು ಬಿಡದೇ ಕಾಡುತ್ತದೆ. ಔಷಧಿಯಿಂದ ತಡೆದಾಗಲೂ ಅದೇ, ಅಷ್ಟು ಜೋರಾಗಿ ಅಲ್ಲದಿದ್ದರೂ. ನಾಲಿಗೆಯ ಮೇಲೆ ಬಿಳಿ ಪದರ, ಬಾಯಿ ಉರಿ. ಸಾಮಾನ್ಯವಾಗಿ ಸುಲಭದ ಮದ್ದಿಗೇ ಹೋಗುತ್ತದೆ. ಬಿಮೆಕಿಜುಮ್ಯಾಬ್‌ನಲ್ಲಿ ಇದು ಎದ್ದು ಕಾಣುತ್ತದೆ, ಯಾಕೆಂದರೆ ಅದು ಐಎಲ್-17ರ ಎ, ಎಫ್ ಎರಡೂ ರೂಪ ತಡೆಯುತ್ತದೆ. ಟಿಬಿಯ ಅಪಾಯ ಈ ಎರಡೂ ಗುಂಪಿನಲ್ಲಿ ಟಿಎನ್‌ಎಫ್ ತಡೆಯುವವಕ್ಕಿಂತ ಕಡಿಮೆ. ಪರೀಕ್ಷೆ ಮಾತ್ರ ಬಿಡುವಂತಿಲ್ಲ.

ಎಕ್ಸಿಮಾ, ಅಸ್ತಮಾ: ದಾರಿಯೇ ಬೇರೆ

ಇಲ್ಲಿ ಟಿಎಚ್2 ಮುಂದಾಳು. ಡುಪಿಲುಮ್ಯಾಬ್ ಐಎಲ್-4, ಐಎಲ್-13 ಎರಡೂ ಕೂರುವ ಜಾಗವನ್ನೇ ಮುಚ್ಚುತ್ತದೆ. ಎಕ್ಸಿಮಾಗೆ 2017ರಲ್ಲಿ, ಅಸ್ತಮಾಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಬಂತು. ಎರಡೂ ಇದ್ದವರಿಗೆ ಒಂದೇ ಏಟಿಗೆ ಎರಡು ಹಕ್ಕಿ. ಇದರ ದೊಡ್ಡ ಗುಣ ಅಂದರೆ ತಿಂಗಳು ತಿಂಗಳು ರಕ್ತ ಪರೀಕ್ಷೆಯ ತಲೆನೋವಿಲ್ಲ. ಕಣ್ಣು ಕೆಂಪಾಗಿ ಉರಿಯುವುದು ಕೆಲವರಿಗೆ ಬರುತ್ತದೆ.

ಇದರ ಎದುರಾಳಿ ಉಪಡಾಸಿಟಿನಿಬ್ ಮಾತ್ರೆ. ಎರಡನ್ನೂ ಎಕ್ಸಿಮಾದಲ್ಲಿ ನೇರವಾಗಿ ಹೋಲಿಸಿದಾಗ 16ನೇ ವಾರಕ್ಕೆ ಶೇ 75 ಸುಧಾರಿಸಿದವರು ಉಪಡಾಸಿಟಿನಿಬ್‌ನಲ್ಲಿ ಶೇ 71, ಡುಪಿಲುಮ್ಯಾಬ್‌ನಲ್ಲಿ ಶೇ 61. ತುರಿಕೆ ಮೊದಲ ವಾರದಲ್ಲೇ ತಗ್ಗಿತು. ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆಗೆಟ್ಟವರಿಗೆ ಇದು ದೊಡ್ಡ ವಿಷಯ. ಆದರೆ ಮಾತ್ರೆಯ ಅಪಾಯದ ಪಟ್ಟಿ ಉದ್ದ, ಅದನ್ನು ಮುಂದೆ ಹೇಳುತ್ತೇನೆ. ಎಕ್ಸಿಮಾವೋ ಸೋರಿಯಾಸಿಸ್ಸೋ ಅಂತ ಅನುಮಾನ ಇರುವ ಚರ್ಮಕ್ಕೆ ಅವಸರದಲ್ಲಿ ಇಂಜೆಕ್ಷನ್ ಬೇಡ. ಟಿಎಚ್2 ತಡೆದಾಗ ಕೆಲವರಲ್ಲಿ ಸೋರಿಯಾಸಿಸ್ ಥರದ ಕಲೆ ತಲೆಯೆತ್ತುವುದುಂಟು. ಮೊದಲು ಬಯಾಪ್ಸಿ.

ಶುರುವಿನಲ್ಲೇ ತಡೆ, ಅಥವಾ ಬಾಗಿಲಲ್ಲೇ ತಡೆ

ಟಿ ಕೋಶ ಎಚ್ಚೆತ್ತುಕೊಳ್ಳಲು ಎರಡು ಸೂಚನೆ ಬೇಕು. ಅಬಟಾಸೆಪ್ಟ್ ಎರಡನೆಯದನ್ನು ತಡೆಯುತ್ತದೆ. ದೇಹದಲ್ಲೇ ಇರುವ ಸಿಟಿಎಲ್‌ಎ-4 ಅನ್ನುವ ಬ್ರೇಕಿನ ಪ್ರೋಟೀನ್‌ನ ನಕಲು ಇದು. ರುಮಟಾಯ್ಡ್ ಸಂಧಿವಾತಕ್ಕೆ ಒಳ್ಳೆಯ ಆಯ್ಕೆ. ಮೆಥೊಟ್ರೆಕ್ಸೇಟ್ ಜೊತೆ ಕೊಟ್ಟಾಗ ಅಡಾಲಿಮುಮ್ಯಾಬ್‌ಗೆ ಸಮ ನಿಂತಿದೆ. ಸಂಧಿವಾತದ ಆಂಟಿಬಾಡಿ ಹುಡುಕುವ ಆಂಟಿ-ಸಿಸಿಪಿ ರಕ್ತ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ ಫಲ ಇನ್ನೂ ಚೆನ್ನ. ಪದೇ ಪದೇ ಸೋಂಕಾಗುವ ವಯಸ್ಸಾದವರಿಗೆ ಇದನ್ನು ಹೆಚ್ಚು ಜನ ಡಾಕ್ಟರ್‌ಗಳು ಯೋಚಿಸಬೇಕು ಅಂತ ನನಗನ್ನಿಸುತ್ತದೆ. ಕರುಳಿಗೆ ಮಾತ್ರ ಇದು ಪ್ರಯೋಜನವಿಲ್ಲ. ಕ್ರೋನ್ಸ್, ದೊಡ್ಡ ಕರುಳು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಎರಡರಲ್ಲೂ ಸೋತಿದೆ. ಟಿ ಕೋಶವನ್ನು ಮೂಲದಲ್ಲೇ ತಡೆದರೆ ಎಲ್ಲ ಕಾಯಿಲೆಯೂ ನಿಲ್ಲಬೇಕು ಅನ್ನುವ ತರ್ಕ ಕಾಗದದ ಮೇಲಷ್ಟೇ.

ಕರುಳಿಗೆ ಬೇರೆ ಜಾಣ ಉಪಾಯ ಇದೆ. ಕರುಳಿಗೆ ಹೋಗುವ ಟಿ ಕೋಶಗಳು ಆಲ್ಫಾ4-ಬೀಟಾ7 ಅನ್ನುವ ಕೊಕ್ಕೆಯಿಂದ ಅಲ್ಲಿನ ರಕ್ತನಾಳಕ್ಕೆ ಅಂಟಿಕೊಂಡು ಒಳಗೆ ನುಗ್ಗುತ್ತವೆ. ವೆಡೋಲಿಜುಮ್ಯಾಬ್ ಆ ಕೊಕ್ಕೆಯನ್ನು ಮುಚ್ಚುತ್ತದೆ. ಟಿ ಕೋಶ ಬದುಕಿಯೇ ಇರುತ್ತದೆ, ಶ್ವಾಸಕೋಶ, ಮಿದುಳು ಎಲ್ಲ ಕಾಯುತ್ತಲೇ ಇರುತ್ತದೆ, ಕರುಳಿಗೆ ಮಾತ್ರ ಪ್ರವೇಶವಿಲ್ಲ. ಸೋಂಕಿನ ಭಯ ಇರುವವರಿಗೆ ಇದಕ್ಕಿಂತ ಸೌಮ್ಯವಾದದ್ದು ಸಿಗುವುದು ಕಷ್ಟ. ಆದರೆ ಇದರ ಮಿತಿಯೂ ಅದೇ. ಕರುಳಿನ ಜೊತೆ ಕೀಲು, ಕಣ್ಣು, ಚರ್ಮವೂ ಕೆಟ್ಟಿದ್ದರೆ ಅಲ್ಲಿಗೆ ಇದರ ಕೈ ಮುಟ್ಟುವುದಿಲ್ಲ.

ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಇದನ್ನು ಅಡಾಲಿಮುಮ್ಯಾಬ್ ಜೊತೆ ನೇರವಾಗಿ ಹೋಲಿಸಿದ ವಾರ್ಸಿಟಿ ಪ್ರಯೋಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 52ನೇ ವಾರದಲ್ಲಿ ಕಾಯಿಲೆ ತಣಿದವರು ವೆಡೋಲಿಜುಮ್ಯಾಬ್‌ನಲ್ಲಿ ಶೇ 31.3, ಅಡಾಲಿಮುಮ್ಯಾಬ್‌ನಲ್ಲಿ ಶೇ 22.5. ಇಷ್ಟನ್ನೇ ಹೇಳಿ ನಿಲ್ಲಿಸುವುದು ವಾಡಿಕೆ. ಸ್ಟೀರಾಯ್ಡ್ ಬಿಟ್ಟೂ ತಣ್ಣಗಿದ್ದವರ ಲೆಕ್ಕ ತೆಗೆದರೆ ಚಿತ್ರ ತಿರುಗುತ್ತದೆ: ವೆಡೋಲಿಜುಮ್ಯಾಬ್ ಶೇ 12.6, ಅಡಾಲಿಮುಮ್ಯಾಬ್ ಶೇ 21.8. ಯಾವುದು ಗೆದ್ದಿತು ಅಂತ ಕೇಳುವ ಮೊದಲು ಯಾವ ಅಳತೆಯಲ್ಲಿ ಅಂತ ಕೇಳಿ. ಕ್ರೋನ್ಸ್‌ನಲ್ಲಿ ಇಷ್ಟು ಗೊಂದಲ ಇಲ್ಲ. ಟಿಎನ್‌ಎಫ್ ತಡೆ ಕೈಕೊಟ್ಟವರಿಗೆ ರಿಸಾಂಕಿಜುಮ್ಯಾಬ್, ಉಸ್ತೆಕಿನುಮ್ಯಾಬ್ ಕೊಟ್ಟು ಹೋಲಿಸಿದ 2024ರ ಫಲಿತಾಂಶದಲ್ಲಿ, 48ನೇ ವಾರಕ್ಕೆ ಎಂಡೋಸ್ಕೋಪಿಯಲ್ಲಿ ಕರುಳು ತಿಳಿಯಾಗಿ ಕಂಡವರು ಶೇ 31.8 ಮತ್ತು ಶೇ 16.2. ಹಳೆಯದಕ್ಕಿಂತ ಹೊಸದು ಸುಮಾರು ಎರಡು ಪಟ್ಟು.

ಕೊಕ್ಕೆ ಮುಚ್ಚುವ ಉಪಾಯ ಮೊದಲು ಬಂದಿದ್ದು ನಟಾಲಿಜುಮ್ಯಾಬ್ ಮೂಲಕ. ಅದು ಮಿದುಳಿಗೆ ಹೋಗುವ ಟಿ ಕೋಶವನ್ನೂ ತಡೆಯುತ್ತದೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ತುಂಬಾ ಪರಿಣಾಮಕಾರಿ. 2004ರಲ್ಲಿ ಬಂತು, 2005ರಲ್ಲಿ ವಾಪಸ್ ಪಡೆದರು, 2006ರಲ್ಲಿ ಕಟ್ಟುಪಾಡಿನ ಜೊತೆ ಮರಳಿತು. ಕಾವಲಿಲ್ಲದ ಮಿದುಳಿನಲ್ಲಿ ಜೆಸಿ ವೈರಸ್ ಎದ್ದು ಪಿಎಂಎಲ್ ಅನ್ನುವ ಮಾರಕ ಸೋಂಕು ತಂದಿತ್ತು. ಈಗ ಜೆಸಿ ವೈರಸ್ ಆಂಟಿಬಾಡಿ ಪರೀಕ್ಷೆ ನೋಡಿಯೇ ಕೊಡುತ್ತಾರೆ. ಫಿಂಗೊಲಿಮಾಡ್, ಒಜಾನಿಮಾಡ್ ಮಾತ್ರೆಗಳು ಟಿ ಕೋಶಗಳನ್ನು ಲಿಂಫ್ ಗಂಟಿನ ಒಳಗೇ ಕೂಡಿಹಾಕುತ್ತವೆ. ರಕ್ತದ ವರದಿಯಲ್ಲಿ ಲಿಂಫೋಸೈಟ್ ಸಂಖ್ಯೆ ಕೆಳಗಿಳಿದು ಕೆಂಪು ಗುರುತು ಬೀಳುತ್ತದೆ. ನೋಡಿ ಗಾಬರಿಯಾಗುವವರು ಬಹಳ. ಇಳಿಯಬೇಕಾದ್ದೇ ಅದು, ಎಷ್ಟು ಇಳಿದರೆ ನಿಲ್ಲಿಸಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಜ್ಯಾಕ್ ಮಾತ್ರೆಗಳು

ಸೈಟೊಕೈನ್ ಕೋಶದ ಹೊರಗೆ ತಟ್ಟಿದ್ದನ್ನು ಒಳಗೆ ಮುಟ್ಟಿಸುವ ಕಿಣ್ವಗಳು ಜ್ಯಾಕ್. ಇವನ್ನು ತಡೆದರೆ ಒಂದೇ ಮಾತ್ರೆಗೆ ಹಲವು ಸಂದೇಶ ಬಂದ್. ಮೇಲೆ ಹೇಳಿದ ಉಪಡಾಸಿಟಿನಿಬ್ ಈ ಗುಂಪಿನದೇ. ಸೂಜಿ ಬೇಡ, ಫ್ರಿಜ್ ಬೇಡ, ದೇಹ ಅದರ ವಿರುದ್ಧ ಆಂಟಿಬಾಡಿ ಮಾಡುವುದಿಲ್ಲ, ಫಲ ಬೇಗ. ಕೇಳಲು ಎಲ್ಲ ಚಂದ. ಟೊಫಾಸಿಟಿನಿಬ್ 2012ರಲ್ಲಿ ಬಂದಾಗ ಇಂಜೆಕ್ಷನ್‌ಗಳ ಕಾಲ ಮುಗಿಯಿತು ಅಂದವರೂ ಇದ್ದರು.

ಆಮೇಲೆ 50 ದಾಟಿದ, ಹೃದಯದ ಅಪಾಯದ ಒಂದಾದರೂ ಅಂಶ ಇದ್ದ ಸಂಧಿವಾತದವರಲ್ಲಿ ಟೊಫಾಸಿಟಿನಿಬ್ ಮತ್ತು ಟಿಎನ್‌ಎಫ್ ತಡೆಯನ್ನು ಹೋಲಿಸಿದರು. ಹೃದಯಾಘಾತ ಮೊದಲಾದ ತೊಂದರೆಗಳು, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ ಮಾತ್ರೆಯ ಕಡೆ ಜಾಸ್ತಿ ಕಂಡವು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಗುಂಪಿಗೆ ಕಠಿಣ ಎಚ್ಚರಿಕೆ ಹಾಕಿತು. 65 ದಾಟಿದವರು, ಸಿಗರೇಟು ಸೇದುವವರು, ಹಿಂದೆ ಹೃದಯಾಘಾತ ಅಥವಾ ಕ್ಯಾನ್ಸರ್ ಆದವರು ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯುವುದು ಒಳ್ಳೆಯದು. ಎಕ್ಸಿಮಾದಿಂದ ಬಳಲುವ 25ರ ಆರೋಗ್ಯವಂತರಿಗೆ ಇದೇ ಲೆಕ್ಕ ಅನ್ವಯಿಸುವುದಿಲ್ಲ. ಅವರನ್ನು ಅದೇ ತಕ್ಕಡಿಯಲ್ಲಿ ತೂಗಿ ಹೆದರಿಸುವುದೂ ತಪ್ಪು. ಸರ್ಪಸುತ್ತು ಮಾತ್ರ ಎಲ್ಲ ವಯಸ್ಸಿನಲ್ಲೂ ಹೆಚ್ಚುತ್ತದೆ. ಅದರ ಲಸಿಕೆ ಸಿಗುವಂತಿದ್ದರೆ ಮಾತ್ರೆಗೆ ಮೊದಲೇ ಮುಗಿಸಿ.

ತೊನ್ನಿಗೆ ರುಕ್ಸೊಲಿಟಿನಿಬ್ ಮುಲಾಮು 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಸಿಡಿ8 ಕೋಶಗಳನ್ನು ಚರ್ಮಕ್ಕೆ ಕರೆಯುವುದು ಇಂಟರ್‌ಫೆರಾನ್ ಗಾಮಾ, ಅದರ ದಾರಿ ಜ್ಯಾಕ್ ಮೂಲಕ. ಹಚ್ಚುವುದರಿಂದ ರಕ್ತಕ್ಕೆ ಸೇರುವುದು ಕಡಿಮೆ.

ನಿಯಂತ್ರಕ ಟಿ ಕೋಶ ಹೆಚ್ಚಿಸಬಾರದೇ?

ಎಲ್ಲರೂ ಕೇಳುವ ಪ್ರಶ್ನೆ. ತಡೆಯುವ ಬದಲು ತಣಿಸುವವರನ್ನೇ ಬೆಳೆಸಬಹುದಲ್ಲ? ನೊಬೆಲ್ ಬಂದಮೇಲಂತೂ ಇದನ್ನು ಬಂಡವಾಳ ಮಾಡಿಕೊಂಡು ಪುಡಿ, ಕಷಾಯ ಮಾರುವವರು ಹೆಚ್ಚಾಗುತ್ತಾರೆ. ಅದಕ್ಕೆ ದುಡ್ಡು ಹಾಕಬೇಡಿ. ನಿಯಂತ್ರಕ ಕೋಶಗಳನ್ನು ಹೆಚ್ಚಿಸುವ ಚಿಕಿತ್ಸೆಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಟಿ ಕೋಶಗಳ ಜೊತೆ ಹುಡುಗಾಟ ಎಷ್ಟು ಅಪಾಯ ಅನ್ನುವುದಕ್ಕೆ 2006ರ ಲಂಡನ್ ಘಟನೆ ಸಾಕು. ಟಿಜಿಎನ್1412 ಅನ್ನುವ ಔಷಧಿ ನಿಯಂತ್ರಕ ಕೋಶಗಳನ್ನು ಬೆಳೆಸುತ್ತದೆ ಅಂತ ನಿರೀಕ್ಷೆ ಇತ್ತು. ಪ್ರಾಣಿಗಳಲ್ಲಿ ತೊಂದರೆ ಕಂಡಿರಲಿಲ್ಲ. ಆರೋಗ್ಯವಂತರಾದ 6 ಮಂದಿಗೆ ಕೊಟ್ಟ ಕೆಲವೇ ಗಂಟೆಗಳಲ್ಲಿ ಸೈಟೊಕೈನ್ ಬಿರುಗಾಳಿ ಎದ್ದು ಅಂಗಾಂಗಗಳು ಕೈಕೊಡತೊಡಗಿದವು. ಆರೂ ಜನ ಬದುಕಿದ್ದು ಐಸಿಯುನಿಂದಾಗಿ.

ಇದರ ಪಕ್ಕದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಟೆಪ್ಲಿಜುಮ್ಯಾಬ್ ಟಿ ಕೋಶದ ಸಿಡಿ3ಗೆ ಅಂಟಿಕೊಂಡು ದಾಳಿಯನ್ನು ಮಂಕು ಮಾಡುತ್ತದೆ. ಟೈಪ್ 1 ಮಧುಮೇಹ ಇನ್ನೇನು ಬರುತ್ತದೆ ಅನ್ನುವ ಹಂತದಲ್ಲಿರುವವರಿಗೆ 14 ದಿನ ಡ್ರಿಪ್ ಕೊಟ್ಟರೆ, ಕಾಯಿಲೆ ಬರುವುದು ಸರಾಸರಿ 2 ವರ್ಷ ಮುಂದೆ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಹಾಗಾದರೆ ನಿಮಗೆ ಯಾವುದು?

ಕಾಯಿಲೆಯ ಹೆಸರು ಹಿಡಿದು ಹೊರಡಬೇಡಿ, ಮೈಯಲ್ಲಿ ಎಲ್ಲೆಲ್ಲಿ ಕಾಯಿಲೆ ಇದೆ ಅಂತ ಮೊದಲು ಬರೆಯಿರಿ. ಸೋರಿಯಾಸಿಸ್ ಜೊತೆ ಕ್ರೋನ್ಸ್ ಇದ್ದರೆ ಐಎಲ್-23 ಅಥವಾ ಟಿಎನ್‌ಎಫ್ ತಡೆ, ಐಎಲ್-17 ಬೇಡವೇ ಬೇಡ. ಸೋರಿಯಾಸಿಸ್ ಜೊತೆ ಬೆನ್ನು ಬಿಗಿತ ಇದ್ದರೆ ಐಎಲ್-17 ಅಥವಾ ಟಿಎನ್‌ಎಫ್. ಬೆನ್ನು, ಕರುಳು ಎರಡೂ ಇದ್ದರೆ ಆಯ್ಕೆ ಸಣ್ಣದಾಗುತ್ತದೆ. ಟಿಎನ್‌ಎಫ್ ತಡೆಯುವ ಆಂಟಿಬಾಡಿಗಳು, ಇಲ್ಲವೇ ಉಪಡಾಸಿಟಿನಿಬ್. ಹಳೆಯ ಟಿಎನ್‌ಎಫ್ ಔಷಧಿಗಳನ್ನು ನಾನು ಇನ್ನೂ ಬಿಟ್ಟುಕೊಡದಿರುವುದು ಇಂಥವರಿಗಾಗಿಯೇ.

ಮಗು ಬೇಕು ಅನ್ನುವ ಯೋಚನೆ ಇದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಹಾನಿ, ಬಸಿರಾಗುವ ಮೊದಲೇ ನಿಲ್ಲಿಸಬೇಕು. ಜ್ಯಾಕ್ ಮಾತ್ರೆಗಳೂ ಬೇಡ. ಟಿಎನ್‌ಎಫ್ ತಡೆಯುವ ಸರ್ಟೊಲಿಜುಮ್ಯಾಬ್ ಮಾಸುಚೀಲ ದಾಟುವುದು ತೀರಾ ಕಡಿಮೆ, ಯಾಕೆಂದರೆ ದಾಟಿಸುವ ಬಾಲದ ಭಾಗವೇ ಅದಕ್ಕಿಲ್ಲ. ಬೇರೆ ಟಿಎನ್‌ಎಫ್ ಇಂಜೆಕ್ಷನ್‌ಗಳನ್ನು ಬಸುರಿನ ಕೊನೆಯ ತಿಂಗಳುಗಳವರೆಗೆ ತಗೊಂಡಿದ್ದರೆ, ಹುಟ್ಟಿದ ಮಗುವಿಗೆ ಬಿಸಿಜಿಯಂಥ ಜೀವಂತ ಲಸಿಕೆ ಯಾವಾಗ ಅಂತ ಮಕ್ಕಳ ಡಾಕ್ಟರ್ ಹತ್ತಿರ ಕೇಳಲೇಬೇಕು. ಕಾಯಿಲೆಯನ್ನೇ ಹತೋಟಿ ತಪ್ಪಲು ಬಿಡುವುದೂ ಬಸುರಿಗೆ ಒಳ್ಳೆಯದಲ್ಲ. ಹೆದರಿ ತಾನಾಗಿಯೇ ಎಲ್ಲ ನಿಲ್ಲಿಸುವವರನ್ನು ಕಂಡರೆ ನನಗೆ ಆತಂಕ.

ಮೊದಲ ಔಷಧಿ ಕೆಲಸ ಮಾಡದಿದ್ದರೆ

ಸಾಮಾನ್ಯವಾಗಿ 12ರಿಂದ 16 ವಾರ ಕಾಯಿರಿ. ಆಮೇಲೂ ಗುಣವಿಲ್ಲ ಅಂದರೆ ಮೂರು ಸಾಧ್ಯತೆ. ಒಂದು, ಮೊದಲು ಚೆನ್ನಾಗಿದ್ದು ಆಮೇಲೆ ಸೋತಿದೆ. ಆಗ ರಕ್ತದಲ್ಲಿ ಔಷಧಿಯ ಮಟ್ಟ, ಅದರ ವಿರುದ್ಧದ ಆಂಟಿಬಾಡಿ ನೋಡಬಹುದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ಗೆ ಈ ಪರೀಕ್ಷೆ ಚೆನ್ನಾಗಿ ಬಳಕೆಯಲ್ಲಿದೆ. ಆಂಟಿಬಾಡಿ ಎದ್ದಿದ್ದರೆ ಅದೇ ಗುಂಪಿನ ಇನ್ನೊಂದು ಔಷಧಿಗೆ ಹೋದರೂ ಫಲ ಸಿಗಬಹುದು. ಎರಡು, ಔಷಧಿ ಸಾಕಷ್ಟು ಇದ್ದೂ ಕಾಯಿಲೆ ಜಗ್ಗುತ್ತಿಲ್ಲ. ಅಂದರೆ ನಿಮ್ಮ ಟಿ ಕೋಶಗಳು ಬೇರೆ ದಾರಿ ಹಿಡಿದಿವೆ. ಅದೇ ಗುಂಪಿನಲ್ಲಿ ಸುತ್ತುವುದರಲ್ಲಿ ಅರ್ಥವಿಲ್ಲ, ಗುಂಪನ್ನೇ ಬದಲಿಸಿ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ನೋವು ಇದೆ, ಉರಿಯೂತ ಇಲ್ಲ. ಸವೆದುಹೋದ ಕೀಲು ಉರಿಯೂತ ಆರಿದ ಮೇಲೂ ನೋಯುತ್ತದೆ. ಕ್ರೋನ್ಸ್‌ನಲ್ಲಿ ಹಳೆಯ ಗಾಯ ಮಾಗಿ ಕರುಳು ಕಿರಿದಾಗಿರುತ್ತದೆ, ಊಟವಾದ ಮೇಲೆ ಹೊಟ್ಟೆ ಹಿಂಡುತ್ತದೆ. ಔಷಧಿ ಬದಲಿಸುವ ಮೊದಲು ಉರಿಯೂತ ಅಳೆಯುವ ರಕ್ತದ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಕೀಲಿನ ಅಲ್ಟ್ರಾಸೌಂಡ್, ಬೇಕಿದ್ದರೆ ಎಂಡೋಸ್ಕೋಪಿ ಮಾಡಿಸಿ ನೋಡಿ. ಗಾಯದ ಗುರುತಿನಿಂದ ಕಿರಿದಾದ ಕರುಳನ್ನು ಯಾವ ಟಿ ಕೋಶದ ಔಷಧಿಯೂ ಅಗಲ ಮಾಡುವುದಿಲ್ಲ. ಅದಕ್ಕೆ ಎಂಡೋಸ್ಕೋಪಿಯ ಬಲೂನ್ ಬೇಕು, ಇಲ್ಲವೇ ಆಪರೇಷನ್.